ಕಾಗದ ಯಾರದು, ಮಾತು ಯಾರದು?

ಹಿಂದೆ ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿ, ಈಗ ಇತಿಹಾಸದಲ್ಲಿ ಸಂಶೋಧನೆ ನಡೆಸುತ್ತಿರುವ ಶಿಷ್ಯೆಯೊಬ್ಬಳು ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. 1942ರ ಚಳವಳಿಯಲ್ಲಿ ಸೆರೆಮನೆ ಸೇರಿದ್ದ ಉಪಾಧ್ಯಾಯರೊಬ್ಬರು ತಮ್ಮ ಗೆಳೆಯರಿಗೆ ಬರೆದ ಇಪ್ಪತ್ತಮೂರು ಕಾಗದಗಳು ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಅವಳ ಕೈಗೆ ಸಿಕ್ಕಿವೆ. ಅವುಗಳನ್ನು ಗ್ರಂಥಾಲಯಕ್ಕೆ ಕೊಟ್ಟವರು ಆ ಗೆಳೆಯರ ಮೊಮ್ಮಗ. ಅವರು "ಧಾರಾಳವಾಗಿ ಅಚ್ಚು ಹಾಕಿಸಿ" ಎಂದಿದ್ದಾರೆ, ಗ್ರಂಥಪಾಲಕರೂ ತಲೆಯಾಡಿಸಿದ್ದಾರೆ. "ಇನ್ನೇನು ಅಡ್ಡಿ ಸಾರ್?" ಎಂದಳು.

ಅಡ್ಡಿಯಿದೆ. ನಮ್ಮ ಭಾಷೆಯಲ್ಲಿ ಕಾಗದವೆಂದರೆ ಹಾಳೆಯೂ ಹೌದು, ಅದರಲ್ಲಿ ಬರೆದ ಪತ್ರವೂ ಹೌದು. ಕಾನೂನು ಮಾತ್ರ ಇವೆರಡನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. 1741ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪ್, ತನ್ನ ಪತ್ರಗಳನ್ನು ಕೇಳದೆ ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿಯ ಮೇಲೆ ದಾವೆ ಹೂಡಿದ್ದ. ಹಾಳೆ ಪಡೆದವನದು, ಮಾತು ಬರೆದವನದು ಎಂಬ ವಿವೇಕ ಆ ತೀರ್ಪಿನಿಂದ ಬಂದದ್ದು. ಹಾಗಾಗಿ ಮೊಮ್ಮಗ ದಾನ ಕೊಟ್ಟದ್ದು ಹಾಳೆಗಳನ್ನು. ಗ್ರಂಥಾಲಯ ಕಾಪಾಡುತ್ತಿರುವುದೂ ಹಾಳೆಗಳನ್ನೇ. ಮಾತಿನ ಹಕ್ಕು ಬರೆದ ಉಪಾಧ್ಯಾಯರ ವಾರಸುದಾರರಲ್ಲಿ ಉಳಿದಿದೆ. ತಮ್ಮದಲ್ಲದ್ದನ್ನು ಆ ಮೊಮ್ಮಗ ಎಷ್ಟು ಧಾರಾಳವಾಗಿ ಕೊಟ್ಟರೇನು!

ನಾನು ವಕೀಲನಲ್ಲ. ಆದರೆ ಊರಿನ ಇತಿಹಾಸದ ಗೀಳು ಹತ್ತಿದ ಮೇಲೆ 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಕೂತು ಓದಿದ್ದೇನೆ. ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ ಎಂಬುದು ಹಲವರಿಗೆ ಗೊತ್ತು. ಮೊದಲು ಇದು ಐವತ್ತಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯಲಿದ್ದಾಗ ಹತ್ತು ವರ್ಷ ಸೇರಿಸಲಾಯಿತು. ಈ ಲೆಕ್ಕದಂತೆ ಗಾಂಧೀಜಿಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2009ರ ಜನವರಿಯಿಂದ ಎಲ್ಲರವೂ ಆದವು. ಬೇಂದ್ರೆಯವರವು 2041 ಮುಗಿಯುವವರೆಗೆ, ಕುವೆಂಪು ಅವರವು 2054 ಮುಗಿಯುವವರೆಗೆ ವಾರಸುದಾರರವು.

ಹಲವರಿಗೆ ಗೊತ್ತಿಲ್ಲದ್ದು ಅಪ್ರಕಟಿತ ಬರಹದ ವಿಚಾರ. ಬರೆದವರ ಜೀವಿತಕಾಲದಲ್ಲಿ ಪ್ರಕಟವಾಗದ ಬರಹಕ್ಕೆ ಅರವತ್ತು ವರ್ಷದ ಎಣಿಕೆ ಶುರುವಾಗುವುದು ಅದು ಮೊದಲು ಪ್ರಕಟವಾದ ಮೇಲೆ. ಪ್ರಕಟವೇ ಆಗದಿದ್ದರೆ ಎಣಿಕೆಯೇ ಶುರುವಾಗುವುದಿಲ್ಲ! ಪೆಟ್ಟಿಗೆಯಲ್ಲಿ ಮಲಗಿದ ಕಾಗದಕ್ಕೆ ಅಚ್ಚಾದ ಮಹಾಕಾವ್ಯಕ್ಕಿಂತ ದೀರ್ಘವಾದ ರಕ್ಷಣೆ. ಈ ವಿಚಿತ್ರವನ್ನು ಕೊಂಚ ಸರಿಪಡಿಸುವುದು 52ನೆಯ ಕಲಮು. ಸಾರ್ವಜನಿಕರಿಗೆ ಪ್ರವೇಶವಿರುವ ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗಾಗಿ, ಪ್ರಕಟಣೆಗಾಗಿಯೂ, ಪ್ರತಿ ಮಾಡಿಕೊಳ್ಳಬಹುದು. ಬರೆದವರು ಯಾರೆಂದು ತಿಳಿದಿದ್ದರೆ ಅವರು ಸತ್ತು ಅರವತ್ತು ವರ್ಷ ಕಳೆದಿರಬೇಕು. ಯಾರೆಂದೇ ತಿಳಿಯದಿದ್ದರೆ ಆ ಕಾಯುವಿಕೆಯೂ ಇಲ್ಲ. ನಮ್ಮ ಉಪಾಧ್ಯಾಯರು ತೀರಿಕೊಂಡದ್ದು 1971ರಲ್ಲಿ. ಅಂದರೆ ಅಪ್ಪಣೆಯಿಲ್ಲದೆ ಇಡಿಯಾಗಿ ಅಚ್ಚು ಹಾಕಬೇಕಾದರೆ 2031 ಕಳೆಯಬೇಕು. ಪ್ರೌಢಪ್ರಬಂಧ ಅಷ್ಟು ದಿನ ಕಾಯುತ್ತದೆಯೇ?

ಇಂಗ್ಲೆಂಡಿನ ಪರಿಸ್ಥಿತಿ ಇನ್ನೂ ಬಿಗಿ. ಮೈಸೂರಿನ ರೆಸಿಡೆಂಟರ ಕಾಲದ ದಾಖಲೆಗಳಿಗಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಹೋಗುವ ನಮ್ಮವರು ಇದನ್ನು ತಿಳಿದಿರಬೇಕು. ಅಲ್ಲಿ ಎಷ್ಟೋ ಹಳೆಯ ಅಪ್ರಕಟಿತ ಖಾಸಗಿ ಪತ್ರಗಳಿಗೆ 2039ರ ಕೊನೆಯವರೆಗೂ ಹಕ್ಕು ಉಳಿದಿದೆ. ಮೊದಲ ಮಹಾಯುದ್ಧದ ಶತಮಾನೋತ್ಸವದ ವರ್ಷವಾದ 2014ರಲ್ಲಿ ಅಲ್ಲಿನ ಕೆಲವು ಸಂಗ್ರಹಾಲಯಗಳು ಸೈನಿಕರ ಪತ್ರಗಳಿರಬೇಕಾದ ಗಾಜಿನ ಪೆಟ್ಟಿಗೆಗಳಲ್ಲಿ ಖಾಲಿ ಹಾಳೆಗಳನ್ನಿಟ್ಟು ಪ್ರತಿಭಟಿಸಿದವು. ಖಾಲಿ ಹಾಳೆ ಎಷ್ಟೊಂದು ಮಾತನಾಡಬಲ್ಲುದು!

ಶಿಷ್ಯೆಗೆ ನಾನು ಹೇಳಿದ್ದು ಇಷ್ಟು. ಸಂಗತಿಗಳು ಯಾರ ಸೊತ್ತೂ ಅಲ್ಲ. ಯಾವ ದಿನ ಬಂಧನವಾಯಿತು, ಜೈಲಿನಲ್ಲಿ ಏನು ಊಟ, ಯಾರು ಉಪವಾಸ ಕೂತರು ಎಂಬುದನ್ನು ನಿನ್ನ ಮಾತಿನಲ್ಲಿ ಬರೆ, ಯಾರೂ ತಡೆಯಲಾರರು. ವಿಮರ್ಶೆಗೆ, ಸಂಶೋಧನೆಗೆ ಬೇಕಾದಷ್ಟು ಸಾಲುಗಳನ್ನು ಮೂಲ ಹೇಳಿ ಉದ್ಧರಿಸುವುದಕ್ಕೂ ಕಾಯಿದೆಯಲ್ಲಿ ಎಡೆಯಿದೆ. ಗೆಜೆಟ್ಟಿನಲ್ಲಿ ಬಂದದ್ದನ್ನು, ನ್ಯಾಯಾಲಯದ ತೀರ್ಪನ್ನು ಬಳಸಲು ಸಾಮಾನ್ಯವಾಗಿ ತೊಡಕಿಲ್ಲ. ಪೂರ್ತಿ ಕಾಗದಗಳು ಬೇಕಿದ್ದರೆ ವಾರಸುದಾರರನ್ನು ಹುಡುಕು. ಎಷ್ಟು ಹುಡುಕಿದರೂ ಸಿಗದಿದ್ದರೆ ನ್ಯಾಯಾಲಯದಿಂದ ಪರವಾನಗಿ ಕೇಳುವ ದಾರಿಯೊಂದಿದೆ. ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಹಳ್ಳಿಯ ಮೇಷ್ಟ್ರ ಕನ್ನಡ ಕಾಗದಗಳ ವಾರಸುದಾರರು ಇಂಗ್ಲಿಷ್ ಪತ್ರಿಕೆಯಲ್ಲಿ ಅದನ್ನು ಓದುತ್ತಾರೆಂಬ ಭರವಸೆ ಕಾಯಿದೆ ಬರೆದವರಿಗೆ ಎಲ್ಲಿಂದ ಬಂತೋ ಕಾಣೆ.

ಅವಳು ಹುಡುಕಿದಳು. ಎರಡು ವಾರದಲ್ಲಿ ಶಿವಮೊಗ್ಗದಲ್ಲಿ ಮೇಷ್ಟ್ರ ಮಗಳು ಸಿಕ್ಕರು. ವಯಸ್ಸು ಎಂಬತ್ತು ದಾಟಿದೆ. ತಂದೆ ಜೈಲಿನಿಂದ ಕಾಗದ ಬರೆದಿದ್ದರೆಂಬುದೇ ಅವರಿಗೆ ತಿಳಿದಿರಲಿಲ್ಲ. ಒಂದು ಕಾಗದದಲ್ಲಿ ಮನೆಯಲ್ಲಿ ಜ್ವರ ಬಂದು ಮಲಗಿದ್ದ ಎಳೆಗೂಸಿನ ಚಿಂತೆಯಿತ್ತು. ಆ ಕೂಸು ತಾವೇ ಎಂದು ಆಕೆ ಗುರುತಿಸಿದರಂತೆ. ಒಪ್ಪಿಗೆಯ ಮಾತು ಆಮೇಲೆ. ಮೊದಲು ನನಗೊಂದು ಪ್ರತಿ ಕೊಡಮ್ಮಾ ಎಂದರಂತೆ. ಇನ್ನೊಂದು ಕಾಗದದಲ್ಲಿ ಅಣ್ಣನ ಬಗ್ಗೆ ಕಟುವಾದ ನಾಲ್ಕು ಮಾತುಗಳಿದ್ದವು. ಅದೊಂದನ್ನು ಅಚ್ಚು ಹಾಕಬೇಡಿ ಎಂದರು. ಶಿಷ್ಯೆಗೆ ಬೇಸರವಾಯಿತು. ನನಗೆ ಆಕೆ ಮಾಡಿದ್ದು ಸರಿಯೆಂದೇ ತೋರಿತು. ಇತಿಹಾಸಕ್ಕೆ ಹಸಿವಿರಬೇಕು, ನಿಜ. ಆದರೆ ಗೆಳೆಯನೊಬ್ಬನಿಗೆಂದೇ ಹೇಳಿದ ಮಾತನ್ನು ಊರಿಗೆ ಹಂಚುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದನ್ನು ಅಡಚಣೆಯೆನ್ನಲಾರೆ. ಒಪ್ಪಿಗೆಪತ್ರದಲ್ಲಿ ಅವಧಿ ನಮೂದಿಸುವುದನ್ನು ಮರೆಯಬೇಡವೆಂದು ಹೇಳಿದೆ. ಬರೆಯದಿದ್ದರೆ ಕಾಯಿದೆ ಅದನ್ನು ಐದೇ ವರ್ಷವೆಂದು ಎಣಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ.

ಇದನ್ನು ಓದುವ ನಮ್ಮ ಬಂಧುಗಳಿಗೆ ಒಂದು ಮಾತು. ದೊಡ್ಡಪ್ಪನವರ ದಿನಚರಿಗಳು, ಒಟ್ಟು ಹನ್ನೊಂದು, ನನ್ನ ಬಳಿ ಇವೆ. ಮಳೆ ಬೆಳೆಯ ಲೆಕ್ಕ, ಧಾರಣೆ, ಪ್ಲೇಗಿನ ವರ್ಷ ಊರು ಬಿಟ್ಟದ್ದು ಎಲ್ಲ ಅದರಲ್ಲಿದೆ. ಪತ್ರಾಗಾರಕ್ಕೆ ಕೊಡಬೇಕೆಂದಿದ್ದೇನೆ. ಪುಸ್ತಕಗಳನ್ನು ನಾನೊಬ್ಬನೇ ಕೊಡಬಲ್ಲೆ. ಮಾತುಗಳನ್ನು ಕೊಡಲು ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರ ರುಜು ಬೇಕು. ಕರಡು ಸಿದ್ಧವಾಗಿದೆ. ದೀಪಾವಳಿಗೆ ಬಂದವರು ಮೊದಲು ದಿನಚರಿಗಳನ್ನು ಓದಿ, ಆಮೇಲೆ ರುಜು ಹಾಕುವ ವಿಚಾರ ಮಾಡಿ. ಅಮೆರಿಕದಲ್ಲಿರುವ ಇಬ್ಬರಿಗೆ ಅಂಚೆಯಲ್ಲಿ ಕಳಿಸುತ್ತೇನೆ.