ಉತ್ತರಿ ಮಳೆಯಲ್ಲಿ ಇಳಕಲ್ಲಿನ ದಾರಿ

ಬಾಗಲಕೋಟೆಯ ಸೀಮೆಗೆ ಮಳೆಯು ಅಪರೂಪದ ಬೀಗನಿದ್ದಂತೆ. ಹೇಳಿ ಬರುವುದಿಲ್ಲ, ಬಂದಿತೆಂದರೆ ಮನೆಮಂದಿಯೆಲ್ಲ ಉಪಚಾರಕ್ಕೆ ನಿಲ್ಲಬೇಕು. ನಾಲ್ವರು ಗೆಳೆಯರು ಸೈಕಲ್ಲುಗಳನ್ನೇರಿ ನವನಗರದಿಂದ ಹೊರಟಾಗ ಆಕಾಶ ತಿಳಿಯಾಗಿಯೇ ಇತ್ತು. ಅವರಲ್ಲೊಬ್ಬನಿಗೆ ವಿಹಾರದ ಜೊತೆಗೆ ಕೆಲಸವೂ ಇತ್ತು. ಮೂರನೆಯ ದಿನ ಅವನ ತಂಗಿಯ ಕುಬುಸದ ಕಾರ್ಯ. ಅದಕ್ಕೆ ಹಸಿರು ಸೀರೆಯೊಂದನ್ನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹಾಕಿಸಿಯಾಗಿತ್ತು. ದಾರಿಯ ಗುಳೇದಗುಡ್ಡದಲ್ಲಿ ಒಪ್ಪುವ ಖಣವನ್ನು ಆರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು, ಸಂಜೆಗೆ ಬಾದಾಮಿಯನ್ನು ಸೇರಿದರು. ಮಳೆ ಹಿಡಿದುದು ಆ ರಾತ್ರಿ.

ಬಾದಾಮಿಯನ್ನು ಬಿಸಿಲಿನಲ್ಲಷ್ಟೇ ನೋಡಿದವರು ಅರ್ಧ ಬಾದಾಮಿಯನ್ನು ನೋಡಿದವರು. ಒಂದನೆಯ ಪುಲಕೇಶಿಯು 543ರಲ್ಲಿ ಕೋಟೆ ಕಟ್ಟಿಸಿದ ಆ ಕೆಂಬಂಡೆಗಳು ನೆನೆದಾಗ ಕುಂಕುಮ ಕಲಸಿದಂತೆ ಗಾಢವಾಗುತ್ತವೆ. ಬೇಸಗೆಯಲ್ಲಿ ಒಣಗಿ ನಿಲ್ಲುವ ಬಂಡೆಯ ತುದಿಯಿಂದ ಅಕ್ಕ-ತಂಗಿ ಜಲಪಾತಗಳು ಜೋಡಿಯಾಗಿ ಧುಮುಕುತ್ತವೆ. ಅಗಸ್ತ್ಯತೀರ್ಥದ ದಂಡೆಯ ಭೂತನಾಥನ ಗುಡಿ ಮಳೆಯ ತೆರೆಯ ಹಿಂದೆ ಒಮ್ಮೆ ಕಾಣುತ್ತ, ಒಮ್ಮೆ ಮರೆಯಾಗುತ್ತಿತ್ತು. ಮೂವರಿಗೆ ಅಲ್ಲಿಂದ ಏಳುವ ಮನಸ್ಸಿಲ್ಲ. ನಾಲ್ಕನೆಯವನು ಮಾತ್ರ ಗಳಿಗೆಗೊಮ್ಮೆ ಗಡಿಯಾರವನ್ನು ನೋಡುತ್ತಿದ್ದ.

ಪಟ್ಟದಕಲ್ಲಿನಲ್ಲಿ ಉತ್ತರಾಭಿಮುಖವಾಗಿ ಹರಿಯುವ ಮಲಪ್ರಭೆ ಕೆಂಪಾಗಿ ಉಬ್ಬಿತ್ತು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಗುಡಿಗಳ ಆವರಣಕ್ಕೇ ನುಗ್ಗಿತ್ತು; ನೀರೇರಿದರೆ ಅಲ್ಲಿಯವರ ಕಣ್ಣು ಇಂದಿಗೂ ದಂಡೆಯ ಕಡೆಗೇ. ಐಹೊಳೆಯಲ್ಲಿ ಮೇಗುಟಿಯ ಗುಡ್ಡವನ್ನು ಕೆಳಗಿನಿಂದಲೇ ನೋಡಿ ಮುಂದುವರಿದರು. ರವಿಕೀರ್ತಿಯ 634ರ ಶಾಸನವನ್ನು ಓದಲು ಅದು ಹೊತ್ತಾಗಿರಲಿಲ್ಲ.

ಹೊತ್ತು ಉಳಿಸಲೆಂದು ಅಮೀನಗಡದ ಕಡೆಗೆ ಹೊಲದ ಬಂಡಿದಾರಿಯನ್ನು ಹಿಡಿದುದೇ ಫಜೀತಿಗೆ ಮೂಲವಾಯಿತು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದರೆ ಅಂಟು. ನೂರು ಮಾರು ಹೋಗುವಷ್ಟರಲ್ಲಿ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ಮೆತ್ತಿ, ಸೈಕಲ್ಲುಗಳು ಹಟಮಾರಿ ಎತ್ತುಗಳಂತೆ ನಿಂತುಬಿಟ್ಟವು. ಕಂಬಳಿಯ ಕೊಪ್ಪೆ ಹೊದ್ದ ರೈತನೊಬ್ಬ ಬದುವಿನ ಮೇಲಿಂದ ಇಳಿದುಬಂದ.

"ಎರಿಯಾಗ ಗಾಲಿ ಉರುಳೂದಿಲ್ರಿ ತಮ್ಮಾ. ಹೆಗಲ ಮ್ಯಾಲೆ ಹೊತ್ಕೊಂಡು ನಡೀರಿ."

ಕಡ್ಡಿಯಿಂದ ಮಣ್ಣು ಕೆರೆದು ಕೊಡುತ್ತ ಅವನು ನಕ್ಕ: "ನಿಮಗ ತ್ರಾಸಾತು, ಖರೆ. ನಮಗ ಬಿಳಿಜ್ವಾಳ ಬಿತ್ತಾಕ ಇದ ಮಳಿ ಬೇಕಾಗಿತ್ತ ನೋಡ್ರಿ."

ಎರಡು ಫರ್ಲಾಂಗು ಸೈಕಲ್ಲುಗಳನ್ನು ಹೊತ್ತು ನಡೆದು ಡಾಂಬರು ರಸ್ತೆಯನ್ನು ಸೇರಿದರು. ಅಮೀನಗಡದ ಕರದಂಟು ಕೈಕಾಲಿಗೆ ಮತ್ತೆ ಕಸುವು ಕೊಟ್ಟಿತು. ಹುನಗುಂದ ದಾಟಿ ಇಳಕಲ್ಲನ್ನು ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಸೀರೆ ಮುಗಿದಿರಲಿಲ್ಲ. ನೇಕಾರ ಕಾಲಿಳಿಬಿಟ್ಟು ಕುಳಿತುಕೊಳ್ಳುವ ಮಗ್ಗದ ಕುಣಿಯಲ್ಲಿ ನೀರು ಒಸರಿ ನಿಂತಿತ್ತು. ಇನ್ನೂ ಮೊಳದಷ್ಟು ನೇಯ್ಗೆ ಉಳಿದಿತ್ತು. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಬೆಸೆಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪುತೆನೆ ಮೂಡುವುದು ಆಮೇಲೆ. ಅವಸರಕ್ಕೆ ಒಗ್ಗುವ ಕೆಲಸವಲ್ಲ ಅದು.

"ಮಳಿ ಬಂದ್ರ ನಮ್ಮ ದಿನದ ಕೂಲಿ ಹೋತಂತನ ತಿಳೀರಿ," ಎಂದಳು ಮನೆಯ ಮುದುಕಿ, ಬಿಸಿ ಚಹ ನೀಡುತ್ತ. "ಯಪ್ಪಾ, ಕುಬುಸ ಯಾವತ್ತು?"

"ನಾಳೆ ಸಂಜಿಕ್ಕ ಅಮ್ಮಾ."

ಮುದುಕಿ ಮಗನ ಮುಖವನ್ನು ನೋಡಿದಳು. ಅವನು ಒಂದು ಮಾತನ್ನೂ ಆಡದೆ ತಂಬಿಗೆ ತಂದು ಕುಣಿಯ ನೀರನ್ನು ತೋಡತೊಡಗಿದ. ಗೆಳೆಯರೂ ಬಕೆಟ್ಟು ಹಿಡಿದು ಸಾಲುಗಟ್ಟಿ ನಿಂತರು. ನೀರು ಬತ್ತಿದ ಮೇಲೆ ಒಳಗೆ ಗೋಣಿಚೀಲ ಹಾಸಿದರು. ರಾತ್ರಿ ಹತ್ತರ ಹೊತ್ತಿಗೆ, ಹೊರಗೆ ಮಳೆ ಹನಿಯುತ್ತಿರುವಾಗಲೇ, ಲಾಳಿಯ ಸದ್ದು ಮತ್ತೆ ಕೇಳಿಸಿತು.