ಬಿಟ್ಟ ಜಿಂಕೆ, ಉಳಿಯಬೇಕಾದ ಹುಲ್ಲು

ನಮ್ಮಪ್ಪನ ಕಾಲದ ಲೈಸೆನ್ಸುದಾರ ಶಿಕಾರಿಗಳಲ್ಲಿ ಜಿಂಕೆ ಬೇಟೆಗೆ ಮೂರು ಕಟ್ಟಳೆಗಳಿದ್ದವು. ಹೆಣ್ಣಿಗೆ ಗುರಿ ಇಡಬಾರದು. ಮರಿಗೆ ಇಡಬಾರದು. ಕೋಡು ಬಲಿಯದ ಗಂಡು ಎದುರಿಗೆ ಬಂದರೆ ಕೋವಿ ಇಳಿಸಿ ಬಿಟ್ಟುಬಿಡಬೇಕು. ಮೊದಲೆರಡರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ವಾದವೆಲ್ಲ ಮೂರನೆಯದರ ಮೇಲೆಯೇ. ಇಡೀ ದಿನ ಬಿಸಿಲಲ್ಲಿ ಅಲೆದು, ಇಳಿಹೊತ್ತಿಗೆ ಸಿಕ್ಕಿದ್ದು ಗೇಣುದ್ದ ಕೋಡಿನ ಎಳೆಯ ಗಂಡಾದರೆ ಹೊಡೆಯುವುದೋ, ಬಿಡುವುದೋ?

ನಮ್ಮದು ಯಲಹಂಕದ ಪಕ್ಕದ ಪುಟ್ಟೇನಹಳ್ಳಿ. ಜೆ.ಪಿ. ನಗರದ ಕಡೆಯೂ ಇದೇ ಹೆಸರಿನ ಊರಿದೆ; ನಾನು ಹೇಳುತ್ತಿರುವುದು ದೊಡ್ಡಬಳ್ಳಾಪುರ ರಸ್ತೆಯದು. 1950ರ ದಶಕದ ಕೊನೆಯಲ್ಲಿ ಇಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿ, ಹುರುಳಿ, ಅವರೆ. ಹೊಲದ ಬದುವಿನಲ್ಲಿ ಮೊಲ, ಗೌಜಲಹಕ್ಕಿ ಸಿಗುತ್ತಿದ್ದವು. ಜಿಂಕೆಗೆ ಮಾತ್ರ ದೂರ ಹೋಗಬೇಕಿತ್ತು. ಅಪ್ಪನೂ ಅವರ ಜೊತೆಗಾರರೂ ಮಧುಗಿರಿ ಕಡೆಯ ಕಾವಲುಗಳಿಗೆ ಹೋಗುತ್ತಿದ್ದರು. ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಕಾಯ್ದಿಟ್ಟ ಕಾವಲುಗಳೂ, ಊರ ದನ ಮೇಯುವ ಗೋಮಾಳಗಳೂ ಆಗ ಆ ಸೀಮೆಯಲ್ಲಿ ಮೈಲಿಗಟ್ಟಲೆ ಹರಡಿದ್ದವು. ಅಲ್ಲಿದ್ದದ್ದು ಕೃಷ್ಣಮೃಗ. ಹುಡುಗನಾಗಿದ್ದ ನನ್ನನ್ನು ಅವರು ಕರೆದುಕೊಂಡು ಹೋಗುತ್ತಿದ್ದದ್ದು ನೀರಿನ ಕ್ಯಾನು, ಬುತ್ತಿ ಹೊರುವುದಕ್ಕೆ.

ಕೃಷ್ಣಮೃಗದಲ್ಲಿ ವಯಸ್ಸು ಗುರುತಿಸುವುದು ಸುಲಭ. ಗಂಡುಮರಿ ಮೊದಮೊದಲು ತಾಯಿಯ ಹಾಗೆಯೇ ಕಂದು ಬಣ್ಣ. ಎರಡು ಮೂರು ವರ್ಷವಾಗುತ್ತ ಬೆನ್ನು, ಪಕ್ಕೆ ಕಪ್ಪಾಗತೊಡಗುತ್ತವೆ. ಹೊಟ್ಟೆಯೂ ಕಣ್ಣಿನ ಸುತ್ತಲೂ ಬಿಳಿಯಾಗಿಯೇ ಉಳಿಯುತ್ತದೆ. ಕೋಡು ಮೊದಲು ನೆಟ್ಟಗೆ ಮೊಳೆತು, ಆಮೇಲೆ ವರ್ಷ ಕಳೆದಂತೆ ತಿರುಪು ಕೂಡಿಕೊಳ್ಳುತ್ತದೆ. ಒಮ್ಮೆ ಬಂದ ಕೋಡು ಸಾಯುವ ತನಕ ಇರುತ್ತದೆ. ಹೀಗಾಗಿ ದೂರದಿಂದಲೇ ಲೆಕ್ಕ ಹಾಕಬಹುದಿತ್ತು: ಮೈ ಕಪ್ಪಾಗಿದೆಯೇ, ತಿರುಪು ಎಷ್ಟಿವೆ. ಕಂದು ಮೈಯ, ಸಣ್ಣ ಕೋಡಿನ ಗಂಡುಗಳು ಒಂದು ಕಡೆ ಗುಂಪಾಗಿ ಮೇಯುತ್ತಿದ್ದರೆ ಅಪ್ಪ ಅತ್ತ ನೋಡುತ್ತಲೂ ಇರಲಿಲ್ಲ.

"ಇದನ್ನ ಈ ವರ್ಷ ಹೊಡೆದ್ರೆ ಮುಂದಿನ ವರ್ಷ ಇಲ್ಲಿಗೆ ಬರೋದು ಯಾತಕ್ಕೆ?" ಎನ್ನುತ್ತಿದ್ದರು. ಅವರ ಕಾರಣ ಇಷ್ಟೇ. ಅದರಲ್ಲಿ ಕರುಣೆಯ ಮಾತು ಇರಲಿಲ್ಲ, ಧರ್ಮದ ಮಾತೂ ಇರಲಿಲ್ಲ. ಮುಂದಿನ ವರ್ಷವೂ ಬೇಟೆ ಇರಬೇಕು ಎಂದುಕೊಂಡವರು ಹಾಕಿಕೊಂಡ ಲೆಕ್ಕ ಅದು. ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಹಸಿವಾದರೂ ಬೀಸದ ರೈತನ ಲೆಕ್ಕವೂ ಇದೇ.

ಈ ಲೆಕ್ಕವನ್ನು ಎಲ್ಲರೂ ಇಟ್ಟುಕೊಂಡಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯ ಜೀಪುಗಳು ಹರಾಜಿನಲ್ಲಿ ಖಾಸಗಿಯವರ ಕೈಗೆ ಬಂದವು. ಜೀಪು, ಬ್ಯಾಟರಿಗೆ ಸಿಕ್ಕಿಸಿದ ಸ್ಪಾಟ್‌ಲೈಟು, ರಾತ್ರಿ ಹೊತ್ತು. ಬೆಳಕಿಗೆ ಕಣ್ಣು ಕೋರೈಸಿ ನಿಂತ ಹಿಂಡಿನಲ್ಲಿ ಹೆಣ್ಣು ಯಾವುದು, ಮರಿ ಯಾವುದು ಎಂದು ನೋಡುವವರಿರಲಿಲ್ಲ. ಹಗಲಲ್ಲಿ ನಡೆದು ಹೋಗಿ ಎಳೆಯ ಗಂಡನ್ನು ಬಿಟ್ಟು ಬಂದವರ ಸಂಯಮವನ್ನು ಒಂದು ರಾತ್ರಿಯ ಜೀಪು ಅಳಿಸಿಹಾಕುತ್ತಿತ್ತು. ಕಾವಲಿನ ಅಂಚಿನ ಹಳ್ಳಿಯವರು ಬೆಳಿಗ್ಗೆ ಚಕ್ರದ ಗುರುತು ತೋರಿಸುತ್ತಿದ್ದರು. 1960ರ ದಶಕದ ನಡುವಿಗೆ ಬರುವ ಹೊತ್ತಿಗೆ ಕಪ್ಪು ಗಂಡಿರಲಿ, ಹಿಂಡೇ ಕಾಣುವುದು ಅಪರೂಪವಾಯಿತು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹೊಡೆಯುವ ಕಡೆ ಬಿಡುವ ಕಟ್ಟಳೆಗೆ ಬಲವಿರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಕಾವಲುಗಳಲ್ಲಿ.

ಕಟ್ಟಳೆಗೆ ಇನ್ನೊಂದು ಮಿತಿಯೂ ಇತ್ತು. ಅದು ತಿಳಿದದ್ದು ಅಪ್ಪ ಮೈಸೂರು ಕಡೆಯ ಕಾಡಿಗೆ, ಅರಣ್ಯ ಇಲಾಖೆ ಗೊತ್ತುಮಾಡಿದ ಬೇಟೆ ಬ್ಲಾಕಿಗೆ ಹೋಗಿ ಬಂದಾಗ. ಅಲ್ಲಿದ್ದದ್ದು ಚುಕ್ಕೆ ಜಿಂಕೆ. ಅದರ ಕೊಂಬು ಕೃಷ್ಣಮೃಗದ ಕೋಡಿನಂತಲ್ಲ. ವರ್ಷಕ್ಕೊಮ್ಮೆ ಉದುರುತ್ತದೆ, ಮತ್ತೆ ಹೊಸದಾಗಿ ಮೊಳೆಯುತ್ತದೆ. ಬೆಳೆಯುವಷ್ಟು ತಿಂಗಳೂ ಮೇಲೆ ನವಿರುಗೂದಲಿನ ಚರ್ಮ ಹೊದ್ದು, ಒಳಗೆ ರಕ್ತ ಹರಿಯುತ್ತ ಮೆತ್ತಗಿರುತ್ತದೆ. ಬೆಳೆದು ಗಟ್ಟಿಯಾದ ಮೇಲೆ ಆ ಚರ್ಮ ಸುಲಿದುಹೋಗುತ್ತದೆ. ಚಳಿದೇಶದ ಜಿಂಕೆಗಳಲ್ಲಿ ಇದೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತದೆ. ನಮ್ಮ ಕಾಡಿನಲ್ಲಿ ಹಾಗಲ್ಲ. ಒಂದೇ ಹಿಂಡಿನಲ್ಲಿ ಒಂದೇ ದಿನ ಗಟ್ಟಿ ಕೊಂಬಿನ ಗಂಡು, ಹಸಿ ಕೊಂಬಿನ ಗಂಡು, ಕೊಂಬು ಉದುರಿ ಬೋಳಾದ ಗಂಡು ಮೂರೂ ಸಿಗುತ್ತವೆ. ಗೇಣುದ್ದ ಹಸಿ ಕೊಂಬು ಹೊತ್ತು ನಿಂತದ್ದು ಹಿಂಡಿನ ಹಿರಿಯನೇ ಆಗಿರಬಹುದು. ಕೊಂಬು ನೋಡಿ ಪ್ರಾಯ ಹೇಳುವವನು ಇಲ್ಲಿ ಸೋಲುತ್ತಾನೆ. ಕತ್ತಿನ ದಪ್ಪ, ಮೈಕಟ್ಟು, ನಡೆ ನೋಡಬೇಕು. ಅಷ್ಟು ನೋಡುವ ತಾಳ್ಮೆ ಕೋವಿ ಹಿಡಿದ ಎಲ್ಲರಿಗೂ ಇರುವುದಿಲ್ಲ.

ಶಿಕಾರಿಗಳ ಬಾಯಲ್ಲಿದ್ದ ಕಟ್ಟಳೆಗಳು ಕಾನೂನಿನಲ್ಲೂ ಕೂತವು. ಮೈಸೂರು ಸಂಸ್ಥಾನದಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ 1901ರಲ್ಲೇ ಒಂದು ರೆಗ್ಯುಲೇಷನ್ ಇತ್ತು. 1963ರಲ್ಲಿ ರಾಜ್ಯದ್ದೇ ಒಂದು ವನ್ಯಪ್ರಾಣಿ, ಪಕ್ಷಿ ರಕ್ಷಣಾ ಕಾಯ್ದೆ ಬಂತು. 1972ರಲ್ಲಿ ಬಂದ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 15ನೇ ಕಲಮು ವಿಶೇಷ ಅನುಮತಿಯಿಲ್ಲದೆ ಮರಿಯನ್ನು, ಹೆಣ್ಣನ್ನು, ಹಸಿ ಕೊಂಬಿನ ಜಿಂಕೆಯನ್ನು ಬೇಟೆಯಾಡಬಾರದು ಎಂದು ಹೇಳಿತ್ತು. ವಾಹನದಿಂದ ಹೊಡೆಯುವುದು, ದೀಪ ಬಿಟ್ಟು ಹೊಡೆಯುವುದು, ನೀರಿನ ಗುಂಡಿಯ ಬಳಿ ಕಾದು ಹೊಡೆಯುವುದು ಇವಕ್ಕೂ ತಡೆ ಹಾಕಿತ್ತು. ಈಗಿನವರಿಗೆ ಇದು ಆಶ್ಚರ್ಯವೆನಿಸಬಹುದು: 1972ರ ಕಾಯ್ದೆ ಬೇಟೆಯನ್ನು ಪೂರ್ತಿ ಮುಚ್ಚಿರಲಿಲ್ಲ, ಕೆಲವು ಪ್ರಾಣಿಗಳಿಗೆ ಲೈಸೆನ್ಸಿನ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. ಅದರೊಂದಿಗೆ ಮರಿ, ಹೆಣ್ಣು, ಹಸಿ ಕೊಂಬು ಎಂಬ ಕಲಮೂ ಹೊರಟುಹೋಯಿತು. ಯಾವುದನ್ನೂ ಹೊಡೆಯುವಂತಿಲ್ಲ ಎಂದ ಮೇಲೆ ಯಾವುದನ್ನು ಬಿಡಬೇಕೆಂದು ಹೇಳುವ ಅಗತ್ಯವಿರಲಿಲ್ಲ.

ಅಪ್ಪ ಅದಕ್ಕಿಂತ ಬಹಳ ಮೊದಲೇ ಬೇಟೆ ಬಿಟ್ಟಿದ್ದರು. ಕೋವಿಯ ಲೈಸೆನ್ಸು ಬೆಳೆ ಕಾಯುವ ಹೆಸರಿನಲ್ಲಿ ಇನ್ನೂ ಕೆಲವು ವರ್ಷ ಉಳಿದಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ರಸೀದಿ ತರಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಕಾಯಲು ಹೊಲವೇ ಇಲ್ಲವೆಂದಾದ ಮೇಲೆ ಒಪ್ಪಿಸಿಬಿಟ್ಟರು. ಅವರು ಅದಕ್ಕೆ ಕೊರಗಿದ್ದನ್ನು ನಾನು ನೋಡಲಿಲ್ಲ.

ಇದೆಲ್ಲ ಮತ್ತೆ ಮಾತಿಗೆ ಬಂದದ್ದು ನನ್ನ ತಂಗಿಯ ಮಗನಿಂದ. ಅವನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಅಲ್ಲಿನ ಸ್ನೇಹಿತರ ಜೊತೆ ಚಳಿಗಾಲದ ಶುರುವಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾನೆ. ಒಂದು ದಿನ ಫೋನು ಮಾಡಿ, "ಮಾವ, ಕಾನೂನಿನ ಪ್ರಕಾರ ಹೊಡೆಯಬಹುದಾದ ಗಂಡೇ. ಆದರೂ ಚಿಕ್ಕದು ಅನ್ನಿಸಿ ಬಿಟ್ಟೆ. ಜೊತೆಗಿದ್ದವರು ಬಯ್ದರು. ತಾತ ಇದ್ದಿದ್ರೆ ಏನನ್ನುತ್ತಿದ್ದರು?" ಎಂದು ಕೇಳಿದ.

ಅಲ್ಲಿನ ವ್ಯವಸ್ಥೆಯನ್ನು ಅವನಿಂದಲೇ ಕೇಳಿ ತಿಳಿದುಕೊಂಡೆ. 2002ರಿಂದ ಆ ರಾಜ್ಯದಲ್ಲಿ ಕೊಂಬಿನ ನಿಯಮವಿದೆ: ಹೆಚ್ಚಿನ ಭಾಗಗಳಲ್ಲಿ ಕೊಂಬಿನ ಒಂದು ಬದಿಗಾದರೂ ಮೂರು ಕವಲಿರಬೇಕು, ಇಲ್ಲದಿದ್ದರೆ ಗಂಡನ್ನು ಹೊಡೆಯುವಂತಿಲ್ಲ. ಚಿಕ್ಕ ವಯಸ್ಸಿನ ಬೇಟೆಗಾರರಿಗೆ ವಿನಾಯಿತಿ. ಹೆಣ್ಣಿಗೆ ಬೇರೆ ಲೈಸೆನ್ಸು, ಪ್ರದೇಶವಾರು ಇಷ್ಟೇ ಎಂದು ಲೆಕ್ಕ. ಮಿಸಿಸಿಪ್ಪಿಯಲ್ಲಿ ಇಂಥ ನಿಯಮ 1995ರಲ್ಲೇ ಬಂದಿತ್ತು. ಪೆನ್ಸಿಲ್ವೇನಿಯಾದಲ್ಲಿ ತೋಳವನ್ನೂ ಕಾಡಿನ ದೊಡ್ಡ ಬೆಕ್ಕನ್ನೂ ಹಿಂದೆಯೇ ಅಳಿಸಿಬಿಟ್ಟಿದ್ದಾರೆ. ಜಿಂಕೆ ಮಿತಿಮೀರಿದರೆ ಕಾಡಿನಲ್ಲಿ ಮರದ ಸಸಿಯೇ ಮೇಲೇಳುವುದಿಲ್ಲ. ಹಾಗಾಗಿ ಅಲ್ಲಿ ಹೆಣ್ಣನ್ನು ಹೊಡೆಯುವುದೂ ಕಾಡಿನ ಕೆಲಸವೇ. ನಮ್ಮಪ್ಪನ ಮೊದಲ ಕಟ್ಟಳೆ ಅಲ್ಲಿ ತಲೆಕೆಳಗು.

ದೊಡ್ಡದನ್ನೇ ಆರಿಸಿ ಹೊಡೆಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಕೆನಡಾದ ಆಲ್ಬರ್ಟಾದ ರಾಮ್ ಮೌಂಟನ್ ಬೆಟ್ಟದ ಕಾಡುಕುರಿಗಳಲ್ಲಿ ಸುಮಾರು 30 ವರ್ಷ ದೊಡ್ಡ ಕೊಂಬಿನ ಟಗರುಗಳನ್ನೇ ಹೊಡೆದದ್ದರಿಂದ ತಲೆಮಾರಿನಿಂದ ತಲೆಮಾರಿಗೆ ಕೊಂಬು ಚಿಕ್ಕದಾಯಿತು ಎಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಹುಲಿ, ಚಿರತೆ, ಸೀಳುನಾಯಿಗಳ ಬೇಟೆಯನ್ನು ಅಭ್ಯಾಸ ಮಾಡಿ 1995ರಲ್ಲಿ ಬರೆದರು. ಚುಕ್ಕೆ ಜಿಂಕೆ, ಕಡವೆಗಳಲ್ಲಿ ಪ್ರಾಯದ ಗಂಡುಗಳೇ ಪಾಲಿಗೆ ಮೀರಿ ಬಲಿಯಾಗುತ್ತವೆ ಎಂಬುದು ಅವರಿಗೆ ಕಂಡದ್ದು. ದೊಡ್ಡ ಗಂಡಿನ ಲೆಕ್ಕವನ್ನು ನಮ್ಮ ಕಾಡಿನಲ್ಲಿ ಹುಲಿ, ಸೀಳುನಾಯಿಗಳೇ ನೋಡಿಕೊಳ್ಳುತ್ತಿವೆ. ಅಲ್ಲಿಗೆ ಮನುಷ್ಯ ಕೋವಿ ಹಿಡಿದು ಹೋಗಿ ಮಾಡಬೇಕಾದ್ದೇನೂ ಇಲ್ಲ.

ಅಳಿಯನಿಗೆ ನಾನು ಹೇಳಿದ್ದು: "ನೀನು ಬಿಟ್ಟದ್ದು ಸರಿ. ತಾತನೂ ಬಿಡುತ್ತಿದ್ದರು. ಆದರೆ ನೀನು ಬಿಟ್ಟದ್ದಕ್ಕೆ ಬೆಳೆಯುವ ಜಾಗ ಅಲ್ಲಿದೆ, ಎಣಿಸುವವರಿದ್ದಾರೆ, ಮುಂದಿನ ವರ್ಷದ ನಿಯಮ ಏನೆಂದು ಕೂತು ಯೋಚಿಸುವವರಿದ್ದಾರೆ. ತಾತ ಬಿಟ್ಟದ್ದಕ್ಕೆ ಅದು ಯಾವುದೂ ಇರಲಿಲ್ಲ."

ಈಗಿನ ಪುಟ್ಟೇನಹಳ್ಳಿಯ ಸುತ್ತ ಗೌಜಲಹಕ್ಕಿ ಹಾರುತ್ತಿದ್ದ ಹೊಲ ಒಂದೂ ಉಳಿದಿಲ್ಲ. ಯಲಹಂಕ ನ್ಯೂ ಟೌನ್ ಬಂತು, ಗಾಲಿ ಅಚ್ಚು ಕಾರ್ಖಾನೆ ಬಂತು, ಆಮೇಲೆ ಅಪಾರ್ಟ್‌ಮೆಂಟುಗಳು. ಊರವರು ಹೊಲ ಮಾರಿದರು, ನಾವೂ ಮಾರಿದೆವು. ಅದರಿಂದ ಮಕ್ಕಳು ಓದಿದರು, ಮನೆಗಳಾದವು. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಬರ ಬಿದ್ದ ವರ್ಷಗಳು ನನಗೆ ನೆನಪಿವೆ. ಉಳಿದಿರುವುದು ಕೆರೆ. 1972ರ ಅದೇ ಕಾಯ್ದೆಯಡಿ 2015ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಕೊಳಚೆ ನೀರಿನ ತೊಂದರೆ ಇದ್ದರೂ ಬಕ, ಬಣ್ಣದ ಕೊಕ್ಕರೆಗಳು ಬರುತ್ತವೆ. ಜಾಗಕ್ಕೆ ಗಡಿ ಹಾಕಿ ಕಾಯ್ದದ್ದರಿಂದ ಇಷ್ಟಾದರೂ ಉಳಿಯಿತು.

ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲೂ ಹಾಗೆಯೇ. 2007ರಲ್ಲಿ ಅಲ್ಲಿನ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಈಚೆಗೆ ಹೋಗಿ ನೋಡಿಕೊಂಡು ಬಂದೆ. ಕಪ್ಪು ಗಂಡುಗಳು ತಮ್ಮ ತಮ್ಮ ಜಾಗ ಹಿಡಿದು ನಿಂತಿದ್ದವು. ಕಂದು ಮೈಯ ಎಳೆಯ ಗಂಡುಗಳು ದೂರದಲ್ಲಿ ಗುಂಪಾಗಿ ಮೇಯುತ್ತಿದ್ದವು. ನಮ್ಮಪ್ಪ ಬಿಡುತ್ತಿದ್ದ ವಯಸ್ಸಿನವು. ಅವು ಕಪ್ಪಾಗುವ ತನಕ ಬದುಕಲು ಅಲ್ಲಿ ಹುಲ್ಲಿದೆ. ಮೀಸಲಿನ ಗಡಿ ದಾಟಿದರೆ ಹೊಲ, ಬೇಲಿ, ನಾಯಿ.

ನಮಗೆ ಹತ್ತಿರದ ದೊಡ್ಡ ಹುಲ್ಲುಗಾವಲು ಹೆಸರಘಟ್ಟದ್ದು. ಲೆಸ್ಸರ್ ಫ್ಲೋರಿಕನ್ ಎಂಬ ಅಳಿವಿನಂಚಿನ ಹುಲ್ಲುಗಾವಲ ಹಕ್ಕಿ ಅಲ್ಲಿ ಕಂಡದ್ದು ದಾಖಲಾಗಿದೆ. ಅಲ್ಲಿ ಫಿಲ್ಮ್ ಸಿಟಿ ಕಟ್ಟುವ ಯೋಜನೆಯೂ ಒಮ್ಮೆ ಇತ್ತು. ಆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಮತ್ತೆ ಹೋರಾಟ ನಡೆದು, 2024ರಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಎಳೆಯ ಗಂಡನ್ನು ಹೊಡೆಯಬೇಕೋ ಬಿಡಬೇಕೋ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ 1991ಕ್ಕೆ ಮುಗಿಯಿತು. ಅದು ಮುಗಿದದ್ದೇ ಸರಿ, ಮತ್ತೆ ತೆರೆಯುವುದು ಬೇಡ. ಈಗ ಜಿಂಕೆಯ ಅಳಿವು ಉಳಿವು ಇರುವುದು ಹುಲ್ಲಿನ ಮೇಲೆ. ಹುಲ್ಲುಗಾವಲನ್ನು ಖಾಲಿ ಜಾಗವೆಂದು ನೋಡಬೇಡಿ. ಅಲ್ಲಿ ಲೇಔಟು ಬೇಡ, ಕಾರ್ಖಾನೆ ಬೇಡ. ಒಳ್ಳೆಯ ಉದ್ದೇಶದಿಂದ ಗಿಡ ನೆಡುವುದೂ ಬೇಡ. ಬಯಲನ್ನೇ ನಂಬಿದ ಪ್ರಾಣಿಗೆ ತೋಪು ಮನೆಯಾಗುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಒಂದು ಕಾವಲೋ ಗೋಮಾಳವೋ ಇನ್ನೂ ಉಳಿದಿದ್ದರೆ ಹೋಗಿ ನೋಡಿ, ಅದರ ಗಡಿ ಎಲ್ಲಿಯವರೆಗಿದೆ ಎಂದು ಪಂಚಾಯಿತಿಯಲ್ಲಿ ಕೇಳಿ, ಒತ್ತುವರಿಯಾಗುತ್ತಿದ್ದರೆ ಅರ್ಜಿ ಬರೆಯಿರಿ.