ಹಿಂಗಣ್ಣು

ಮುಂದೆ ನಡೆಯುವ ಸಿಂಹವು ನಡುನಡುವೆ ನಿಂತು, ತಾನು ನಡೆದು ಬಂದ ಹಾದಿಯನ್ನು ಹೊರಳಿ ನೋಡುವುದಂತೆ. ಅದರಿಂದಲೇ ‘ಸಿಂಹಾವಲೋಕನ’ವೆಂಬ ಮಾತು ಹುಟ್ಟಿತು. ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಈ ಮಾತಿಗೆ ಬರಗಾಲವಿಲ್ಲ. ಆದರೆ ಹಿಂದಿರುಗಿ ನೋಡುವುದು ಕ್ಷಣಕ್ಷಣವೂ ಜೀವರಕ್ಷಣೆಯ ಕಾರ್ಯವಾಗಿರುವ ಸ್ಥಾನವೊಂದು ಪ್ರತಿಯೊಂದು ದೊಡ್ಡ ಶಾಲೆಯಲ್ಲಿಯೂ ಉಂಟು. ಅದು ಶಾಲಾವಾಹನದ ಚಾಲಕನ ಪೀಠ.

ಬೆಂಗಳೂರಿನ ಪಶ್ಚಿಮಭಾಗದ ಬಡಾವಣೆಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಮೈನ್ ರಸ್ತೆಗಳೂ ಅವನ್ನು ಕತ್ತರಿಸುವ ಕ್ರಾಸ್ ರಸ್ತೆಗಳೂ ಪಗಡೆಯ ಹಾಸಿನಂತೆ ಹರಡಿಕೊಂಡಿವೆ. ಮನೆಗೊಂದು ಸೈಕಲ್ಲಿದ್ದ ಕಾಲಕ್ಕೆ ಸಾಕಾಗುತ್ತಿದ್ದ ಬೀದಿಗಳ ಎರಡು ಮಗ್ಗುಲಲ್ಲಿಯೂ ಈಗ ಕಾರುಗಳು ನಿಂತಿರುತ್ತವೆ. ಕೆಂಗೇರಿಯ ಹಳೆಯ ಊರಿನ ಓಣಿಗಳಂತೂ ಇನ್ನಷ್ಟು ಕಿರಿದು. ಮಕ್ಕಳನ್ನು ಇಳಿಸಲೆಂದು ಇಂತಹ ಬೀದಿಯೊಳಗೆ ಹೊಕ್ಕ ವಾಹನವು ತಿರುಗಲು ಎಡೆಯಿಲ್ಲದೆ, ಬಂದ ದಾರಿಯಲ್ಲಿಯೇ ಹಿಮ್ಮುಖವಾಗಿ ಹೊರಡಬೇಕಾಗುತ್ತದೆ. ಕ್ಲೀನರನು ಇಳಿದು ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ಕೂಗುತ್ತಾನೆ, ಅಪಾಯ ಕಂಡರೆ “ಹೋಲ್ಡಾನ್!” ಎಂದು ವಾಹನದ ಮೈಯನ್ನು ಅಂಗೈಯಿಂದ ಬಡಿಯುತ್ತಾನೆ. ಚಾಲಕನ ಎರಡು ಕನ್ನಡಿಗಳು ಎರಡು ಪಾರ್ಶ್ವಗಳನ್ನು ತೋರಿಸಬಲ್ಲವಲ್ಲದೆ ಬೆನ್ನ ನೇರಕ್ಕೆ ಇರುವುದನ್ನು ತೋರಿಸಲಾರವು. ಮೂರೂವರೆ ಅಡಿ ಎತ್ತರದ ಮಗುವೊಂದು ಉರುಳಿಹೋದ ಚೆಂಡನ್ನು ಹೆಕ್ಕಲು ಅಲ್ಲಿಗೆ ಬಂದರೆ ಅದು ಚಾಲಕನ ಪಾಲಿಗೆ ಅದೃಶ್ಯವೇ ಸರಿ.

ಪಾಶ್ಚಾತ್ಯ ದೇಶಗಳಲ್ಲಿ ಅಡಿಗೆಮನೆ, ಹಾಸಿಗೆಗಳ ಸಹಿತ ಮನೆಯನ್ನೇ ಗಾಲಿಗಳ ಮೇಲೆ ಹೊತ್ತು ತಿರುಗುವ ಮೋಟಾರ್‌ಹೋಮ್ ಎಂಬ ವಾಹನಗಳುಂಟು. ಅವುಗಳ ಚಾಲಕರಿಗೂ ಇದೇ ಕುರುಡು. ಅದನ್ನು ನೀಗಲು ವಾಹನದ ಹಿಂಬದಿಗೆ ಕ್ಯಾಮೆರಾವನ್ನೂ ಚಾಲಕನ ಮುಂದೆ ಪುಟ್ಟ ಪರದೆಯನ್ನೂ ಇರಿಸುವ ವಾಡಿಕೆ ಬಂದಿತು. ಇದು ಬರಿಯ ಅನುಕೂಲದ ಮಾತಾಗಿ ಉಳಿಯಲಿಲ್ಲ. ೨೦೦೨ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ಕ್ಯಾಮರೂನ್ ಗುಲ್‌ಬ್ರಾನ್‌ಸೆನ್ ಎಂಬ ಎರಡು ವರ್ಷದ ಮಗು, ಮನೆಯಂಗಳದಲ್ಲಿ ತಂದೆಯೇ ಹಿಂದಕ್ಕೆ ಸರಿಸುತ್ತಿದ್ದ ವಾಹನಕ್ಕೆ ಸಿಕ್ಕಿ ಅಸುನೀಗಿತು. ಆ ತಂದೆ ಮಕ್ಕಳ ವೈದ್ಯರು! ಆ ಶೋಕವು ಕಣ್ಣೀರಿನಲ್ಲಿ ಮುಗಿಯದೆ ಶಾಸನವಾಯಿತು. ೨೦೦೮ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಕಾಯಿದೆಯಾಗಿ, ೨೦೧೮ರ ಮೇ ೧ರಿಂದ ಆ ದೇಶದ ಹೊಸ ಹಗುರ ವಾಹನಗಳೆಲ್ಲಕ್ಕೂ ಹಿಂಬದಿಯನ್ನು ತೋರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಬೆನ್ನ ಹಿಂದಿನ ೧೦ ಅಡಿ ಅಗಲ, ೨೦ ಅಡಿ ಉದ್ದದ ನೆಲ ಕಾಣಬೇಕು. ರಿವರ್ಸ್ ಗೇರಿಗೆ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಮೂಡಬೇಕು ಎಂಬುದು ಅಲ್ಲಿನ ವಿಧಿ. ನಮ್ಮ ದೇಶದಲ್ಲಿ ೨೦೧೯ರ ಜುಲೈ ೧ರಿಂದ ಹೊಸ ಕಾರುಗಳಿಗೆ, ಹಿಂದೆ ಅಡ್ಡಿಯಿದ್ದರೆ ಎಚ್ಚರಿಸುವ ಉಪಕರಣ ಕಡ್ಡಾಯವಾಯಿತು. ಯಂತ್ರ ಬರುವ ಮುನ್ನವೇ ಧರ್ಮವಿತ್ತೆಂಬುದನ್ನೂ ಮರೆಯಲಾಗದು: ಯಾರಿಗೂ ಅಪಾಯವಿಲ್ಲವೆಂದು ತಾನು ಮನಗಾಣದೆ ಚಾಲಕನು ವಾಹನವನ್ನು ಹಿಂದಕ್ಕೆ ಚಲಿಸಕೂಡದೆಂದು ೧೯೮೯ರ ರಸ್ತೆ ನಿಯಮಾವಳಿಯೇ ವಿಧಿಸಿತ್ತು.

ಪಶ್ಚಿಮ ಬೆಂಗಳೂರಿನ ಶಾಲೆಯೊಂದರ ವಾಹನಕ್ಕೆ ಇಂತಹ ಹಿಂಗಣ್ಣೊಂದಿತ್ತು. ದಾನಿಗಳೊಬ್ಬರು ವಾಹನವನ್ನು ಕೊಡಿಸಿದಾಗ ಅದರೊಡನೆಯೇ ಬಂದುದು. ಒಂದು ವರ್ಷ ಉತ್ತರೆ ಮಳೆ ಬಿಡದೆ ಹೊಡೆದ ಮೇಲೆ ಪರದೆಯ ಚಿತ್ರ ಮಸುಕಾಯಿತು. ಪೂರ್ಣವಾಗಿ ಆರಲಿಲ್ಲ, ಹೊಗೆಯ ಮರೆಯ ದೀಪದಂತೆ ಏನೋ ಒಂದಿಷ್ಟು ಕಾಣುತ್ತಿತ್ತು. ಮೂವತ್ತು ವರ್ಷಗಳ ಅನುಭವವಿದ್ದ ಚಾಲಕನು ಅಂದಿನಿಂದ, ಹಿಂದೆ ಒಬ್ಬರು ಇಳಿದು ನಿಲ್ಲದೆ ವಾಹನವನ್ನು ಒಂದು ಗೇಣೂ ಹಿಂದಕ್ಕೆ ಸರಿಸೆನೆಂದು ಹಟ ಹಿಡಿದನು. ಮಕ್ಕಳು ಮನೆ ಸೇರುವುದು ತಡವಾಗತೊಡಗಿತು. ಮುಖ್ಯೋಪಾಧ್ಯಾಯರು ಅವನನ್ನು ಕರೆಸಿ ಕೇಳಿದರು:

“ಏನಪ್ಪಾ, ಇಷ್ಟು ವರ್ಷ ಕನ್ನಡಿ ನೋಡಿಕೊಂಡೇ ಓಡಿಸಿದವನಲ್ಲವೇ ನೀನು? ಈಗೇನು ಹೊಸ ಭಯ?”

“ಆಗ ಹಿಂದೆ ಏನೂ ಕಾಣಲ್ಲ ಅಂತ ಗೊತ್ತಿತ್ತು ಸಾರ್, ಅದಕ್ಕೇ ಕಿವಿಗೊಟ್ಟು ಓಡಿಸ್ತಿದ್ದೆ. ಈಗ ಕಣ್ಣು ತಾನಾಗೇ ಪರದೆಗೆ ಹೋಗುತ್ತೆ. ಪರದೆ ಮಬ್ಬಾಗಿದ್ರೂ ಹಿಂದೆ ಯಾರೂ ಇಲ್ಲ ಅಂತಲೇ ಮನಸ್ಸು ನಂಬ್ಬಿಡುತ್ತೆ. ಅರ್ಧ ಕಾಣೋದಕ್ಕಿಂತ ಕಾಣದೇ ಇರೋದೇ ವಾಸಿ ಸಾರ್.”

ಮುಖ್ಯೋಪಾಧ್ಯಾಯರು ಮರುಮಾತಾಡಲಿಲ್ಲ. ಹೊಸ ಕ್ಯಾಮೆರಾ ಹಾಕಿಸುವುದೆಂದು ನಿಶ್ಚಯವಾಯಿತು.

ವೈರಿಂಗ್ ಕೆಲಸದವನು ಬಂದು ಮೊದಲು ಮಾಡಿದ ಕೆಲಸ ಬಿಚ್ಚುವುದಲ್ಲ, ಪರೀಕ್ಷಿಸುವುದು. ಫ್ಯೂಸು ಸರಿಯಾಗಿತ್ತು, ರಿವರ್ಸ್ ದೀಪ ಉರಿಯುತ್ತಿತ್ತು. ಹೊಸ ಕ್ಯಾಮೆರಾವನ್ನು ಹಿಂಬದಿಯಲ್ಲಿ ಕೈಯಲ್ಲಿಯೇ ಹಿಡಿದು ತಾತ್ಕಾಲಿಕವಾಗಿ ಜೋಡಿಸಿದಾಗ ಪರದೆಯಲ್ಲಿ ಚಿತ್ರ ಮೂಡಿತಾದರೂ ಗೆರೆಗೆರೆಯಾಗಿ ನಡುಗಿತು. ಅಂದರೆ ಹಳೆಯ ಕ್ಯಾಮೆರಾದೊಳಗೆ ನೀರು ಹೊಕ್ಕುದಲ್ಲದೆ ಕೇಬಲ್ಲಿಗೂ ತುಕ್ಕು ಹಿಡಿದಿತ್ತು. ಅವನು ಕೊಳ್ಳುವಾಗಲೂ ಎಚ್ಚರ ವಹಿಸಿದ್ದನು. ಕಾರಿನ ವಿದ್ಯುತ್ತು ೧೨ ವೋಲ್ಟಿನದು. ದೊಡ್ಡ ಬಸ್ಸುಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ ೨೪ ವೋಲ್ಟು ಪಡೆಯುತ್ತಾರೆ. ಅಗ್ಗವೆಂದು ಕಾರಿನದನ್ನು ತಂದು ಬಸ್ಸಿಗೆ ಕಟ್ಟಿದರೆ ಅದು ಸುಟ್ಟುಹೋಗಬಹುದು. ಉಪಕರಣದ ಮೇಲಿನ ‘ಐಪಿ ೬೭’ ಎಂಬ ಅಂಕಿಗೂ ಅರ್ಥವುಂಟು: ೬ ಎಂದರೆ ಧೂಳು ಒಳಹೊಗದು, ೭ ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು. ಆದರೆ ವಾಹನ ತೊಳೆಯುವ ರಭಸದ ನೀರಿನ ಧಾರೆಗೆ ಅದು ತಡೆಯುತ್ತದೆಂಬ ಭರವಸೆ ಆ ಅಂಕಿಯಲ್ಲಿಲ್ಲ.

ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಹಳೆಯ ಕೇಬಲ್ಲಿನ ತುದಿಗೆ ಹೊಸದನ್ನು ಬಿಗಿಯಾಗಿ ಕಟ್ಟಿ, ಮುಂದಿನಿಂದ ಮೆಲ್ಲಗೆ ಸೆಳೆದನು. ಹಳೆಯದು ಹೊರಬರುತ್ತಿದ್ದಂತೆ ಹೊಸದು ಅದರ ಜಾಡಿನಲ್ಲಿಯೇ ಚಾವಣಿಯೊಳಗೆ ಸಾಗಿ ಚಾಲಕನ ಬಳಿಗೆ ಬಂದಿತು. ತೆರಳುವವನು ಬರುವವನಿಗೆ ದಾರಿ ತೋರಿಸಿಕೊಟ್ಟು ಹೋಗುವ ರೀತಿ ಅದು! ತಗಡಿನ ಅಂಚು ಕೇಬಲ್ಲನ್ನು ಕೊಯ್ಯದಂತೆ ತೂತಿಗೆ ರಬ್ಬರಿನ ಬಳೆ ತೊಡಿಸಿ, ಸುತ್ತಲೂ ಅಂಟು ತುಂಬಿ, ಮಳೆಯ ನೀರು ತಂತಿಯ ಗುಂಟ ಒಳಗಿಳಿಯದಂತೆ ಹೊರಗಡೆ ಅದನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ಟನು.

ಪರದೆಯ ಮೇಲೆ ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಮೂಡಿತು. ನೋಡಿದವರೆಲ್ಲ ಹರ್ಷಗೊಂಡರು. ಕೆಲಸ ಮುಗಿಯಿತೆಂದು ಸಲಕರಣೆಗಳನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ಚಾಲಕನು ಆಯಮ್ಮನನ್ನು ಕರೆದನು.

“ಆಯಮ್ಮ, ಹಿಂದೆ ಹೋಗಿ ಬಾಗಿಲ ಕಡೆ ಮಗ್ಗುಲಲ್ಲಿ ನಿಂತ್ಕೊಳ್ಳಿ.”

ಬಾಗಿಲಿರುವುದು ಎಡಕ್ಕೆ. ಆದರೆ ಪರದೆಯಲ್ಲಿ ಆಕೆ ಕಂಡುದು ಬಲಕ್ಕೆ!

“ಬಾಗಿಲ ಕಡೆ ಅಂದೆನಲ್ಲಮ್ಮ!”

“ಬಾಗಿಲ ಕಡೆಯೇ ನಿಂತಿದ್ದೀನಿ ಕಣಪ್ಪಾ. ನಿನ್ನ ಡಬ್ಬಿ ಏನು ಹೇಳ್ತದೋ ನಂಗೊತ್ತಿಲ್ಲ.”

ಆಯಮ್ಮ ಹೇಳಿದುದೇ ಸತ್ಯ. ಡಬ್ಬಿ ಹೇಳಿದುದು ಸುಳ್ಳು. ಕ್ಯಾಮೆರಾ ಹಿಂದಕ್ಕೆ ಮುಖ ಮಾಡಿರುವುದರಿಂದ ವಾಹನದ ಎಡವು ಅದಕ್ಕೆ ಬಲವಾಗುತ್ತದೆ. ಕನ್ನಡಿಯಲ್ಲಿ ಕಾಣುವಂತೆ ಬಿಂಬವನ್ನು ಹೊರಳಿಸಿ ತೋರಿಸಿದರೆ ಮಾತ್ರ ಚಾಲಕನಿಗೆ ಎಡವು ಎಡವಾಗಿಯೇ ಕಾಣುವುದು. ಹಿಂದಿನ ಕ್ಯಾಮೆರಾ ಹಾಗೆ ತೋರಿಸುತ್ತಿತ್ತು, ಹೊಸದು ತೋರಿಸಲಿಲ್ಲ. ಹಾಗೆಯೇ ಬಿಟ್ಟಿದ್ದರೆ, ಬಲಕ್ಕೆ ಕಂಡ ಮಗುವನ್ನು ತಪ್ಪಿಸಲು ಎಡಕ್ಕೆ ಸರಿದ ವಾಹನವು ಎಡಕ್ಕೇ ನಿಂತಿರುವ ಮಗುವಿನತ್ತ ಸಾಗುತ್ತಿತ್ತು. ಕುರುಡುಗಣ್ಣಿಗಿಂತ ಸುಳ್ಳು ಹೇಳುವ ಕಣ್ಣು ಘೋರವಾದುದು. ಆ ಮಾದರಿಯಲ್ಲಿ ಬಿಂಬವನ್ನು ಹೊರಳಿಸಲು ತಂತಿಯ ಪುಟ್ಟ ಕುಣಿಕೆಯೊಂದನ್ನು ಕತ್ತರಿಸಿದರೆ ಸಾಕಾಗಿತ್ತು. ಅರ್ಧ ನಿಮಿಷದ ಕೆಲಸ!

ಚಾಲಕನು ಅಷ್ಟಕ್ಕೂ ತೃಪ್ತನಾಗಲಿಲ್ಲ. ಪರದೆಯ ಮೇಲೆ ದೂರವನ್ನು ಸೂಚಿಸುವ ಹಸಿರು, ಹಳದಿ, ಕೆಂಪು ಗೆರೆಗಳಿದ್ದುವು. ಕ್ಯಾಮೆರಾದ ಬಾಗು ಒಂದಿಷ್ಟು ಬದಲಾದರೂ ಆ ಗೆರೆಗಳು ನೆಲದ ಮೇಲೆ ಬೀಳುವ ಎಡೆ ಬದಲಾಗುತ್ತದೆ. ಟೇಪು ಹಿಡಿದು ಒಂದು, ಎರಡು, ಮೂರು ಮೀಟರುಗಳಿಗೆ ಸೀಮೆಸುಣ್ಣದಿಂದ ಗುರುತು ಮಾಡಿ, ಒಂದನೆಯ ತರಗತಿಯ ಮಗುವಿನಷ್ಟು ಎತ್ತರಕ್ಕೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ, ಪ್ರತಿಯೊಂದು ಗುರುತಿನ ಮೇಲೂ ಇಟ್ಟು ನೋಡಿದನು. ಬಂಪರಿನ ಬುಡದ ಒಂದು ತುಂಡು ನೆಲ ಕಾಣದಿರಲು ಕ್ಯಾಮೆರಾವನ್ನು ಇನ್ನಷ್ಟು ಕೆಳಕ್ಕೆ ಬಾಗಿಸಿದ ಮೇಲೆಯೇ ಅವನು ತಲೆಯಾಡಿಸಿದುದು.

ಮರುದಿನ ಕ್ಲೀನರನು ನಗುತ್ತ, “ಇನ್ನು ನಾನು ಇಳಿಯೋದು ಬೇಡವಲ್ಲಣ್ಣ?” ಎಂದು ಕೇಳಿದನು. “ಇಳೀಲೇಬೇಕು” ಎಂದನು ಚಾಲಕ. “ಅದಕ್ಕೆ ನೋಡೋಕೆ ಬರುತ್ತೆ, ಕೂಗೋಕೆ ಬರಲ್ಲ.”

ಈ ಮಾತನ್ನು ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಅವನ್ನು ಪೋಷಿಸುವ ದಾನಿಗಳೂ ಮನನ ಮಾಡತಕ್ಕುದು. ಹೊಸ ವಾಹನವನ್ನು ಅರ್ಪಿಸುವ ದಿನ ಹೂಮಾಲೆಯುಂಟು, ಭಾಷಣವುಂಟು, ಭಾವಚಿತ್ರವುಂಟು. ಅದರ ಕಣ್ಣು ಮಬ್ಬಾಗುವ ದಿನ ಯಾವ ಸಮಾರಂಭವೂ ಇಲ್ಲ. ಆದರೆ ಮಗುವಿನ ಪ್ರಾಣವು ನಿಂತಿರುವುದು ಎರಡನೆಯ ದಿನದ ಮೇಲೆ. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಸೋರುವ ಚಾವಣಿಗೆ, ಸವೆದ ಬ್ರೇಕಿಗೆ, ಮಸುಕಾದ ಕ್ಯಾಮೆರಾಕ್ಕೆ ಕೊಟ್ಟವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ವಾರ್ಷಿಕ ಆಯವ್ಯಯದಲ್ಲಿ ‘ದುರಸ್ತಿ’ ಎಂಬ ಬಾಬಿಗೆ ಮೀಸಲಿಡುವ ಹಣ ಹೊಸ ದಾನದಷ್ಟೇ ಪವಿತ್ರವೆಂದು ತಿಳಿಯುವ ಸಂಸ್ಥೆಯೇ ಮಕ್ಕಳನ್ನು ಕಾಯಬಲ್ಲುದು.

ಆ ಚಾಲಕನು ಪ್ರತಿದಿನ ಬೆಳಗ್ಗೆ ವಾಹನವನ್ನು ಹೊರಡಿಸುವ ಮುನ್ನ, ಶುಭ್ರವಾದ ಬಟ್ಟೆಯೊಂದರಿಂದ ಆ ಗುಬ್ಬಿಯ ಮೊಟ್ಟೆಯಷ್ಟು ಗಾಜನ್ನು ಒರೆಸುವುದನ್ನು ಮಕ್ಕಳು ನೋಡುತ್ತಾರೆ. ಪಠ್ಯಪುಸ್ತಕದಲ್ಲಿಲ್ಲದ ಪಾಠವೊಂದು ಅವರಿಗೆ ಅಲ್ಲಿಯೇ ಆಗುತ್ತದೆ.